ವರ್ಷ ಎಣಿಸಬೇಡಿ, ಸಲ ಎಣಿಸಿ: ಬೆಸುಗೆ ದಣಿಯುವ ಕಥೆ



ಹೊಸಪೇಟೆಯ ಟಿ.ಬಿ. ಡ್ಯಾಮಿನಲ್ಲಿ ಎರಡು ಬೇರೆ ಬೇರೆ ಸ್ವಭಾವದ ವಸ್ತುಗಳಿವೆ. ಒಂದು ಕಲ್ಲು, ಇನ್ನೊಂದು ಉಕ್ಕು. ಕಲ್ಲು ತನ್ನ ಭಾರದಿಂದಲೇ ನೀರನ್ನು ತಡೆದು ನಿಲ್ಲಿಸುತ್ತೆ. ಅದನ್ನು ಎಷ್ಟು ಅದುಮಿದರೂ ತಡೆದುಕೊಳ್ಳುತ್ತೆ, ಎಳೆದರೆ ಮಾತ್ರ ತಡೆಯುವುದಿಲ್ಲ. ಹಾಗಾಗಿ ಕಟ್ಟಿದವರು ಎಳೆತವೇ ಬರದ ಹಾಗೆ ಗೋಡೆ ಎಬ್ಬಿಸಿದರು. ಅದುಮಿದ ಜಾಗದಲ್ಲಿ ಬಿರುಕು ಬಾಯಿ ಬಿಡುವುದಿಲ್ಲ ನೋಡಿ. ಹಂಪಿಯ ಹತ್ತಿರ ವಿಜಯನಗರದವರು ಕಾಲುವೆಗಳಿಗಾಗಿ ನದಿಗೆ ಅಡ್ಡ ಹಾಕಿದ ಕಲ್ಲಿನ ಕಟ್ಟೆಗಳು ಇಷ್ಟು ಶತಮಾನ ಬಾಳಿದ್ದಕ್ಕೂ ಇದೇ ಕಾರಣ.

ಉಕ್ಕಿನ ಪಾಡು ಬೇರೆ. ಎಳೆತವನ್ನು ತಡೆಯುವುದೇ ಅದರ ಕೆಲಸ. ಡ್ಯಾಮಿನ 33 ಕ್ರಸ್ಟ್ ಗೇಟುಗಳು, ಅವನ್ನು ಎತ್ತಿ ಇಳಿಸುವ ಚೈನುಗಳು, ಪವರ್‌ಹೌಸಿಗೆ ನೀರು ಒಯ್ಯುವ ದೊಡ್ಡ ಪೈಪುಗಳು, ಎಲ್ಲವೂ ಎಳೆತದಲ್ಲೇ ಬದುಕುತ್ತವೆ. ಎಳೆತ ಬಂದು ಹೋಗಿ, ಬಂದು ಹೋಗಿ ಮಾಡಿದರೆ ಉಕ್ಕು ದಣಿಯುತ್ತೆ. ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಇದಕ್ಕೆ 'ಫಟೀಗ್' ಅಂತ ಹೆಸರು. ನಾನು ಇದನ್ನು ದಣಿವು ಅಂತಲೇ ಕರೀತೀನಿ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ತುಂಬಿದ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು. ಆಮೇಲಿನ ವಾರ ನಿಮಗೆಲ್ಲ ನೆನಪಿರಬಹುದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು, ಕಂಪ್ಲಿ ಕಡೆಯ ನದಿದಂಡೆಯವರಿಗೆ ಎಚ್ಚರಿಕೆ ಕೊಟ್ಟರು. ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಐದು ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ಕ್ಕೆ ಕಿಂಡಿ ಮುಚ್ಚಿದರು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಪ್ಪತ್ತು ವರ್ಷದ ಹಳೇ ಚೈನ್, ಇನ್ನೇನಾಗುತ್ತೆ?" ನನ್ನನ್ನು ಕಾಡಿದ್ದು ಈ 'ವರ್ಷ' ಎಂಬ ಪದ. ತುಕ್ಕನ್ನು ವರ್ಷದಲ್ಲಿ ಲೆಕ್ಕ ಹಾಕಬಹುದು. ದಣಿವನ್ನು ಹಾಕಲಾಗದು. ಅದರ ಲೆಕ್ಕ ನಡೆಯುವುದು 'ಸಲ'ದಲ್ಲಿ. ಎಷ್ಟು ಸಲ ಎಳೆದೆವು, ಪ್ರತಿ ಸಲ ಎಷ್ಟು ಎಳೆದೆವು, ಇವೆರಡು ಗೊತ್ತಿದ್ದರೆ ಮಾತ್ರ ಆಯುಷ್ಯ ಹೇಳಬಹುದು. 19ನೇ ಗೇಟಿನ ಚೈನ್ ಬರೀ ದಣಿವಿನಿಂದ ಹೋಯಿತು ಅಂತ ನಾನು ವಾದ ಮಾಡುತ್ತಿಲ್ಲ. ಒಂದು ಉಕ್ಕಿನ ಕೀಲಿಗೆ ಎಷ್ಟು ಆಯುಷ್ಯ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯರಿಗೆ ಸುಮಾರು 150 ವರ್ಷ ಹಿಡಿಯಿತು. ಆ ಹುಡುಕಾಟ ಶುರುವಾಗಿದ್ದೂ ಒಂದು ಚೈನಿನಿಂದಲೇ!

ಗಣಿಯ ಸರಪಳಿ

ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಕ್ಲೌಸ್ಟಾಲ್ ಅಂತ ಒಂದು ಗಣಿಯೂರು. ನಮ್ಮ ಸಂಡೂರಿನ ಹಾಗೆ ಬೆಟ್ಟ, ಅದಿರು, ಗಣಿ ಕೆಲಸ. ವ್ಯತ್ಯಾಸ ಅಂದರೆ ಸಂಡೂರಿನಲ್ಲಿ ಬೆಟ್ಟವನ್ನು ಮೇಲಿನಿಂದ ಅಗೆಯುತ್ತಾರೆ, ಅಲ್ಲಿ ಆಳದ ಬಾವಿ ತೋಡಿ ಅದಿರನ್ನು ಕಬ್ಬಿಣದ ಸರಪಳಿಯಿಂದ ಮೇಲೆತ್ತುತ್ತಿದ್ದರು. ಸರಪಳಿಗಳು ಏನೂ ಸೂಚನೆ ಕೊಡದೆ ತುಂಡಾಗುತ್ತಿದ್ದವು. ಹೊರುತ್ತಿದ್ದ ಭಾರ ಅವುಗಳ ಶಕ್ತಿಗಿಂತ ಎಷ್ಟೋ ಕಡಿಮೆ. ನಿನ್ನೆ ಎತ್ತಿದ ಅದೇ ಭಾರ ಇವತ್ತು ಯಾಕೆ ಎತ್ತಲಿಲ್ಲ?

ಅಲ್ಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1829ರ ಸುಮಾರಿಗೆ ಇದನ್ನು ಪರೀಕ್ಷೆಗೆ ಇಟ್ಟ. ಸರಪಳಿಗೆ ಭಾರ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಅದಕ್ಕೊಂದು ಯಂತ್ರ. 1837ರಲ್ಲಿ ಫಲಿತಾಂಶ ಪ್ರಕಟಿಸಿದ. ದಣಿವಿನ ಬಗ್ಗೆ ದಾಖಲಾದ ಮೊದಲ ಪ್ರಯೋಗ ಅಂತ ಇದನ್ನೇ ಹೇಳುತ್ತಾರೆ. ಸರಪಳಿ ಒಂದು ದೊಡ್ಡ ಭಾರಕ್ಕೆ ಸೋತಿದ್ದಲ್ಲ, ಚಿಕ್ಕ ಭಾರ ಸಾವಿರಾರು ಸಲ ಬಂದು ಹೋಗಿ ಅದನ್ನು ಸೋಲಿಸಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಕಾಲದ ಸರಪಳಿಯ ಪ್ರತಿ ಕೊಂಡಿಯನ್ನೂ ಕಮ್ಮಾರ ಕುಲುಮೆಯಲ್ಲಿ ಕಾಯಿಸಿ, ಎರಡು ತುದಿ ಸೇರಿಸಿ, ಬಡಿದು ಬೆಸೆಯುತ್ತಿದ್ದ. ಅಂದರೆ ಪ್ರತಿ ಕೊಂಡಿಯಲ್ಲೂ ಒಂದು ಬೆಸುಗೆ. ಲೋಹದ ದಣಿವಿನ ಮೊದಲ ಪ್ರಯೋಗವೇ ಬೆಸೆದ ಕೀಲಿನ ಮೇಲೆ ಆಗಿತ್ತು!

ಆಲ್ಬರ್ಟ್ ಇನ್ನೊಂದು ಕೆಲಸ ಮಾಡಿದ. 1834ರಲ್ಲಿ ಸರಪಳಿಯ ಬದಲು ತಂತಿಗಳನ್ನು ಹೊಸೆದು ಹಗ್ಗ ಮಾಡಿ ಗಣಿಗೆ ಇಳಿಬಿಟ್ಟ. ಇವತ್ತಿನ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಅದೇ ಅಜ್ಜ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು. ಹಗ್ಗದಲ್ಲಿ ಒಂದು ತಂತಿ ಹರಿದರೆ ಉಳಿದವು ಹಿಡಿದುಕೊಳ್ಳುತ್ತವೆ, ಹರಿದ ತಂತಿ ಕಣ್ಣಿಗೂ ಕಾಣುತ್ತೆ. ದಣಿವನ್ನು ತಪ್ಪಿಸಲಾಗದಿದ್ದರೆ, ಅದು ಮೊದಲೇ ಹೇಳಿಕೊಳ್ಳುವ ಹಾಗಾದರೂ ಮಾಡು ಎಂಬ ಬುದ್ಧಿ.

ರೈಲಿನ ಅಚ್ಚು ಮತ್ತು ವೋಲರ್

ಸರಪಳಿಯ ವಿಷಯ ಗಣಿಯವರಿಗೆ ಮಾತ್ರ ಗೊತ್ತಿತ್ತು. ಊರಿಗೆಲ್ಲ ಗೊತ್ತಾಗಿದ್ದು ರೈಲು ಬಂದ ಮೇಲೆ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಇಂಜಿನ್ನಿನ ಅಚ್ಚು ಮುರಿಯಿತು. ಗಾಡಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡು 50ಕ್ಕೂ ಹೆಚ್ಚು ಜನ ಸತ್ತರು. ಅಚ್ಚು ಒಂದು ಸುತ್ತು ತಿರುಗಿದರೆ ಅದರ ಮೈಯ ಒಂದೊಂದು ಬಿಂದುವೂ ಒಮ್ಮೆ ಎಳೆಸಿಕೊಂಡು, ಒಮ್ಮೆ ಅದುಮಿಸಿಕೊಳ್ಳುತ್ತೆ. ಕಿಲೋಮೀಟರಿಗೆ ನೂರಾರು ಸಲ.

ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಈ ಅಚ್ಚುಗಳ ಹಿಂದೆ ಬಿದ್ದ. ಒಂದೇ ಥರದ ತುಂಡುಗಳನ್ನು ಬೇರೆ ಬೇರೆ ಭಾರದಲ್ಲಿ ಮುರಿಯುವವರೆಗೆ ತಿರುಗಿಸಿ, ಎಷ್ಟನೇ ಸುತ್ತಿಗೆ ಮುರಿಯಿತು ಅಂತ ಬರೆದಿಟ್ಟ. ಅವನು ಕೋಷ್ಟಕ ಬರೆದ, ಆಮೇಲಿನವರು ಅದನ್ನು ಗೆರೆಯಾಗಿ ಎಳೆದರು. ಒಂದು ಕಡೆ ಸ್ಟ್ರೆಸ್, ಅಂದರೆ ಒಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಎಳೆತ. ಇನ್ನೊಂದು ಕಡೆ ಎಷ್ಟು ಸಲ. ಇದೇ ಎಸ್-ಎನ್ ಕರ್ವ್. ಪರೀಕ್ಷೆಯಲ್ಲಿ ಈ ಚಿತ್ರ ಬರೆದು ಐದು ಮಾರ್ಕ್ಸ್ ತಗೊಂಡು ಮರೆತವರಲ್ಲಿ ನಾನೂ ಒಬ್ಬ :-)

ವೋಲರ್ ಹೇಳಿದ ಮುಖ್ಯ ಮಾತು ಇದು: ಅತಿ ಹೆಚ್ಚು ಎಳೆತ ಎಷ್ಟು ಅನ್ನೋದಕ್ಕಿಂತ, ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನಡುವಿನ ಅಂತರ ಎಷ್ಟು ಅನ್ನೋದೇ ದೊಡ್ಡದು. ನಿಂತ ಭಾರವಲ್ಲ, ಬಂದು ಹೋಗುವ ಭಾರ. ಈ ಮಾತನ್ನು ನೆನಪಿಡಿ, ಬೆಸುಗೆಯ ವಿಷಯದಲ್ಲಿ ಇದು ಇನ್ನೂ ಗಟ್ಟಿಯಾಗಿ ವಾಪಸ್ ಬರುತ್ತೆ.

ಬಾಯ್ಲರ್, ಅಣುಸ್ಥಾವರ, ಎರಡು ಮತ್ತು ಇಪ್ಪತ್ತು

ಒಳಗೆ ಒತ್ತಡ ಇಟ್ಟುಕೊಳ್ಳುವ ಯಾವುದೇ ಉಕ್ಕಿನ ಪಾತ್ರೆ 'ಪ್ರೆಷರ್ ವೆಸಲ್'. ಬಾಯ್ಲರ್, ಗ್ಯಾಸ್ ಟ್ಯಾಂಕು, ಕಾರ್ಖಾನೆಯ ರಿಯಾಕ್ಟರ್ ಎಲ್ಲ ಅದೇ ಜಾತಿ. ಪವರ್‌ಹೌಸಿನ ಪೆನ್‌ಸ್ಟಾಕ್ ಪೈಪು ಕೂಡ ಹತ್ತಿರದ ಸಂಬಂಧಿ.

1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್ ಊರಿನ ಒಂದು ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಅಂಥ ದುರಂತಗಳ ಒತ್ತಾಯದಿಂದಲೇ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ತನ್ನ ಮೊದಲ ಬಾಯ್ಲರ್ ನಿಯಮಾವಳಿ, ಅಂದರೆ ಎಎಸ್‌ಎಂಇ ಕೋಡ್, ತಂದಿತು. ನಮ್ಮಲ್ಲಿ 1923ರಲ್ಲಿ ಬಾಯ್ಲರ್ ಕಾಯ್ದೆ ಬಂತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಪ್ರೆಷರ್ ವೆಸಲ್‌ಗಳಿಗೆ 1969ರಲ್ಲಿ ಐಎಸ್ 2825 ಎಂಬ ಮಾನಕ ಬಂತು.

ಮೊದಮೊದಲ ಕೋಡುಗಳ ಪ್ರಶ್ನೆ ಒಂದೇ: ಒಳಗಿನ ಒತ್ತಡಕ್ಕೆ ಗೋಡೆ ಎಷ್ಟು ದಪ್ಪ ಇರಬೇಕು? ಒತ್ತಡ ಎಷ್ಟು ಸಲ ಏರಿ ಇಳಿಯುತ್ತೆ ಎಂದು ಅವು ಕೇಳುತ್ತಿರಲಿಲ್ಲ. ಆ ಪ್ರಶ್ನೆ ಗಟ್ಟಿಯಾಗಿ ಎದ್ದಿದ್ದು ಅಣುಸ್ಥಾವರಗಳ ಕಾಲದಲ್ಲಿ. ರಿಯಾಕ್ಟರ್ ಕಾಯುತ್ತೆ, ತಣಿಯುತ್ತೆ, ಮತ್ತೆ ಕಾಯುತ್ತೆ. 1950ರ ದಶಕದಲ್ಲಿ ಕಾಫಿನ್ ಮತ್ತು ಮ್ಯಾನ್ಸನ್ ಎಂಬ ಇಬ್ಬರು, ಕೆಲವೇ ನೂರು ಅಥವಾ ಸಾವಿರ ಸಲಕ್ಕೆ ಲೋಹ ಹೇಗೆ ಸೋಲುತ್ತೆ ಅಂತ ತೋರಿಸಿದರು. ಬರ್ನಾರ್ಡ್ ಲ್ಯಾಂಗರ್ ಅದನ್ನು ಡಿಸೈನಿಗೆ ತಂದ. 1963ರಲ್ಲಿ ಎಎಸ್‌ಎಂಇ ಕೋಡಿನ ಮೂರನೇ ಭಾಗದಲ್ಲಿ ದಣಿವಿನ ಡಿಸೈನ್ ಕರ್ವ್ ಬಂತು.

ಅವರು ಮಾಡಿದ್ದು ಹೀಗೆ. ಲ್ಯಾಬಿನಲ್ಲಿ ನುಣ್ಣಗೆ ಪಾಲಿಶ್ ಮಾಡಿದ ಚಿಕ್ಕ ತುಂಡುಗಳನ್ನು ಮುರಿದು ಒಂದು ಗೆರೆ ಎಳೆದರು. ಆಮೇಲೆ ಆ ಗೆರೆಯನ್ನು ಕೆಳಕ್ಕೆ ತಂದರು: ಸ್ಟ್ರೆಸ್ ಅನ್ನು ಎರಡರಿಂದ ಭಾಗಿಸು, ಇಲ್ಲವೇ ಸಲಗಳನ್ನು ಇಪ್ಪತ್ತರಿಂದ ಭಾಗಿಸು, ಯಾವುದು ಕಡಿಮೆಯೋ ಅದು. ಈ ಇಪ್ಪತ್ತು ಎಲ್ಲಿಂದ ಬಂತು? ಫಲಿತಾಂಶಗಳ ಚದುರುವಿಕೆಗೆ 2, ದೊಡ್ಡ ಗಾತ್ರಕ್ಕೆ 2.5, ಮೈಯ ಒರಟುತನ ಮತ್ತು ವಾತಾವರಣಕ್ಕೆ 4. ಗುಣಿಸಿ ನೋಡಿ, 20. ಹೊರಗಿನಿಂದ ನೋಡಿದವರಿಗೆ ಇದು ವಿಪರೀತ ಎಚ್ಚರಿಕೆ ಅನಿಸಬಹುದು. ನಿಜಕ್ಕೂ ಅದು ಲ್ಯಾಬಿನ ನುಣುಪು ತುಂಡಿಗೂ ಕಾರ್ಖಾನೆಯ ಒರಟು ಪಾತ್ರೆಗೂ ನಡುವಿನ ದೂರ, ಅಷ್ಟೇ.

ಆದರೂ ಒಂದು ಪ್ರಶ್ನೆ ಉಳಿಯಿತು. ಪಾತ್ರೆಯ ನೂರು ಭಾಗಗಳಲ್ಲಿ ತೊಂಬತ್ತು ಭಾಗ ಬರೀ ಪ್ಲೇಟು. ಬಿರುಕು ಬಿಡುವುದು ಆ ಪ್ಲೇಟಿನ ನಡುವೆ ಅಲ್ಲ, ಬೆಸುಗೆಯ ಹತ್ತಿರ. ಹಾಗಾದರೆ ನುಣುಪು ತುಂಡಿನ ಗೆರೆ ಬೆಸುಗೆಯ ಆಯುಷ್ಯ ಹೇಳೀತೇ?

ಬೆಸುಗೆಯ ಅಂಚಿನಲ್ಲಿ

ಈ ಪ್ರಶ್ನೆ ಹಿಡಿದು ಕೂತವರಲ್ಲಿ ಮುಖ್ಯರು ಇಂಗ್ಲೆಂಡಿನ ಕೇಂಬ್ರಿಡ್ಜ್ ಪಕ್ಕದ ಅಬಿಂಗ್ಟನ್ನಿನಲ್ಲಿದ್ದ ಬೆಸುಗೆ ಸಂಶೋಧನಾ ಸಂಸ್ಥೆಯವರು. ಅಲ್ಲಿನ ಟಿ.ಆರ್. ಗರ್ನಿ ಬೆಸೆದ ತುಂಡುಗಳನ್ನೇ ಮುರಿದು ಮುರಿದು 1968ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕ ಬರೆದರು. 1970ರ ಸುಮಾರಿಗೆ ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ಜಾನ್ ಫಿಶರ್ ಸೇತುವೆಯ ಬೆಸೆದ ತೊಲೆಗಳ ಮೇಲೆ ಇದೇ ಕೆಲಸ ಮಾಡುತ್ತಿದ್ದರು. ಇವರಿಂದೆಲ್ಲ ಹೊರಬಂದ ಮೂರು ವಿಷಯ ಇವತ್ತಿಗೂ ಕೇಳಿದವರನ್ನು ಬೆಚ್ಚಿಬೀಳಿಸುತ್ತವೆ.

ಒಂದು, ಗಟ್ಟಿ ಉಕ್ಕು ಹಾಕಿದರೆ ಪ್ರಯೋಜನ ಇಲ್ಲ. ಸಾಮಾನ್ಯ ಉಕ್ಕಿನ ಜಾಗದಲ್ಲಿ ಎರಡು ಪಟ್ಟು ಶಕ್ತಿಯ, ದುಬಾರಿ ಉಕ್ಕು ಹಾಕಿ ಬೆಸೆದರೂ ಕೀಲಿನ ದಣಿವಿನ ಆಯುಷ್ಯ ಹೆಚ್ಚುಕಡಿಮೆ ಅಷ್ಟೇ. ಯಾಕೆ? ಬೆಸೆಯದ ಉಕ್ಕಿನಲ್ಲಿ ಆಯುಷ್ಯದ ಬಹುಪಾಲು ಮೊದಲ ಬಿರುಕು ಹುಟ್ಟುವುದಕ್ಕೇ ಹೋಗುತ್ತೆ. ಗಟ್ಟಿ ಉಕ್ಕು ಆ ಹುಟ್ಟನ್ನು ತಡೆಯುತ್ತೆ. ಬೆಸುಗೆಯ ಅಂಚಿನಲ್ಲಿ, ಅಂದರೆ ಕರಗಿದ ಲೋಹ ಪ್ಲೇಟಿಗೆ ಸೇರುವ ಗೆರೆಯಲ್ಲಿ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಳದ ಗೀರುಗಳು, ಸಿಕ್ಕಿಬಿದ್ದ ಕಿಟ್ಟ, ಮೊದಲ ದಿನದಿಂದಲೇ ಇರುತ್ತವೆ. ಬಿರುಕು ಆಗಲೇ ಹುಟ್ಟಿದೆ! ಉಳಿದದ್ದು ಬೆಳೆಯುವುದು ಮಾತ್ರ. ಬೆಳೆಯುವ ವೇಗ ಎಲ್ಲ ಉಕ್ಕಿನಲ್ಲೂ ಸುಮಾರು ಒಂದೇ.

ಎರಡು, ಬೆಸುಗೆ ಆರುವಾಗ ಕುಗ್ಗುತ್ತೆ, ಸುತ್ತಲಿನ ತಣ್ಣನೆ ಪ್ಲೇಟು ಬಿಡುವುದಿಲ್ಲ. ಆ ಜಗ್ಗಾಟದಲ್ಲಿ ಬೆಸುಗೆಯ ಹತ್ತಿರ ಉಕ್ಕು ತನ್ನ ಶಕ್ತಿಯ ಮಿತಿಯವರೆಗೂ ಎಳೆಸಿಕೊಂಡೇ ಕೂತಿರುತ್ತೆ, ಹೊರಗಿನಿಂದ ಏನೂ ಭಾರ ಬೀಳದಿದ್ದರೂ. ಹಾಗಾಗಿ ಹೊರಗಿನ ಭಾರ ಎಳೆತವೋ ಅದುಮುವುದೋ ಅನ್ನೋದು ಅಷ್ಟು ಮುಖ್ಯವಾಗುವುದಿಲ್ಲ. ಏರಿಳಿತದ ಅಂತರ ಎಷ್ಟು ಅನ್ನೋದೇ ಮುಖ್ಯ. ಇಲ್ಲಿಗೆ ವೋಲರ್ ಮಾತು ವಾಪಸ್ ಬಂತು ನೋಡಿ.

ಮೂರು, ಆಕಾರವೇ ಹಣೆಬರಹ. ಅದೇ ಉಕ್ಕು, ಅದೇ ವೆಲ್ಡರ್, ಅದೇ ರಾಡ್, ಆದರೆ ಎರಡು ಪ್ಲೇಟನ್ನು ತುದಿಗೆ ತುದಿ ಸೇರಿಸಿ ಬೆಸೆದು ಮಟ್ಟಸವಾಗಿ ತಿಕ್ಕಿದ್ದಕ್ಕೂ, ಪ್ಲೇಟಿನ ಮೇಲೆ ಒಂದು ಚಿಕ್ಕ ಬ್ರಾಕೆಟ್ ಅಂಟಿಸಿದ್ದಕ್ಕೂ ಆಯುಷ್ಯದಲ್ಲಿ ಹಲವು ಪಟ್ಟು ವ್ಯತ್ಯಾಸ. ಹಾಗಾಗಿ ಬೆಸುಗೆಗೆ ಒಂದೇ ಕರ್ವ್ ಸಾಲದು. ಬ್ರಿಟನ್ನಿನ ಸೇತುವೆ ಕೋಡಿನ ದಣಿವಿನ ಭಾಗ 1980ರಲ್ಲಿ ಬಂದಾಗ ಕೀಲುಗಳನ್ನು ಆಕಾರದ ಮೇಲೆ ವರ್ಗಗಳಾಗಿ ವಿಂಗಡಿಸಿ, ಅಕ್ಷರಗಳ ಹೆಸರಿಟ್ಟು, ಒಂದೊಂದಕ್ಕೂ ಒಂದೊಂದು ಗೆರೆ ಎಳೆದಿದ್ದರು. ಮುಂದೆ ಬ್ರಿಟಿಷ್ ಮತ್ತು ಯುರೋಪಿನ ಪ್ರೆಷರ್ ವೆಸಲ್ ಕೋಡುಗಳೂ ಇದೇ ದಾರಿ ಹಿಡಿದವು. ಎಎಸ್‌ಎಂಇ ಕೂಡ 2007ರಲ್ಲಿ ತನ್ನ ಪ್ರೆಷರ್ ವೆಸಲ್ ಕೋಡಿನ ಎರಡನೇ ವಿಭಾಗವನ್ನು ತಿದ್ದಿ ಬರೆದಾಗ, ಬೆಸುಗೆಗಾಗಿ ಬೇರೆಯದೇ ಕರ್ವ್ ಸೇರಿಸಿತು. ನಮ್ಮ ಉಕ್ಕಿನ ಕಟ್ಟಡಗಳ ಮಾನಕ ಐಎಸ್ 800 ಸಹ 2007ರ ಆವೃತ್ತಿಯಲ್ಲಿ ದಣಿವಿಗೆ ಒಂದು ಅಧ್ಯಾಯವನ್ನೇ ಇಟ್ಟಿದೆ.

ಮೂರನೇ ಪಾಠವನ್ನು ಜಗತ್ತು ಬಹಳ ದುಬಾರಿ ಬೆಲೆಗೆ ಕಲಿಯಿತು. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಎಲ್. ಕೀಲ್ಯಾಂಡ್ ಎಂಬ ತೇಲುವ ವೇದಿಕೆ ಮಗುಚಿತು. 212 ಜನರಲ್ಲಿ 123 ಜನ ಸತ್ತರು. ತನಿಖೆ ಹೋಗಿ ನಿಂತಿದ್ದು 6 ಮಿಲಿಮೀಟರಿನ ಒಂದು ಬೆಸುಗೆಯ ಮೇಲೆ. ದೊಡ್ಡ ಉಕ್ಕಿನ ಕೊಳವೆಗೆ ಶಬ್ದ ಕೇಳುವ ಒಂದು ಉಪಕರಣವನ್ನು ಕೂಡಿಸಲು ಹಾಕಿದ್ದ ಬೆಸುಗೆ ಅದು. ಭಾರ ಹೊರುವ ಬೆಸುಗೆಯೇ ಅಲ್ಲ! ಅಲ್ಲಿಂದ ಬಿರುಕು ಹೊರಟು ಕೊಳವೆಯನ್ನು ಸುತ್ತಿ, ಕೊಳವೆ ತುಂಡಾಗಿ, ವೇದಿಕೆಯ ಒಂದು ಕಾಲೇ ಕಳಚಿಹೋಯಿತು. "ಒಂದು ಕ್ಲಿಪ್ ತಾನೇ, ವೆಲ್ಡ್ ಮಾಡಿಬಿಡು" ಅನ್ನುವ ಮುನ್ನ ಎರಡು ಸಲ ಯೋಚಿಸಬೇಕು.

ನಮ್ಮೂರ ಲೆಕ್ಕ

ಈಗ ಗೆರೆಯನ್ನು ಓದೋಣ. ಸಾಧಾರಣವಾಗಿ ಚೆನ್ನಾಗಿ ಮಾಡಿದ ಒಂದು ಬೆಸುಗೆಯ ವರ್ಗ '90' ಅಂತಿಟ್ಟುಕೊಳ್ಳಿ. 90 ಮೆಗಾಪ್ಯಾಸ್ಕಲ್ ಏರಿಳಿತವನ್ನು 20 ಲಕ್ಷ ಸಲ ತಡೆಯಬೇಕು ಅಂತ ಅದರ ಅರ್ಥ. ಇದು ಸರಾಸರಿ ಬೆಸುಗೆಯ ಗೆರೆ ಅಲ್ಲ. ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಬೆಸುಗೆಗಳು ದಾಟುವಷ್ಟು ಕೆಳಗೆ ಇಳಿಸಿ ಎಳೆದ ಗೆರೆ.

ಗೆರೆಯ ಇಳಿಜಾರು ಮೂರರ ಘಾತ. ಏರಿಳಿತ ಎರಡು ಪಟ್ಟಾದರೆ, ಅಂದರೆ 180 ಆದರೆ, ಆಯುಷ್ಯ ಅರ್ಧ ಆಗುವುದಿಲ್ಲ, ಎಂಟನೇ ಒಂದು ಭಾಗ ಆಗುತ್ತೆ. 20 ಲಕ್ಷ ಹೋಗಿ ಎರಡೂವರೆ ಲಕ್ಷ. ಮೂರು ಪಟ್ಟಾದರೆ ಇಪ್ಪತ್ತೇಳನೇ ಒಂದು ಭಾಗ, ಸುಮಾರು 74 ಸಾವಿರ. ತುಕ್ಕು ಹಿಡಿದು ಪ್ಲೇಟು ಸವೆದರೆ ಸ್ಟ್ರೆಸ್ ಏರುತ್ತೆ, ಆಯುಷ್ಯ ಮೂರರ ಘಾತದಲ್ಲಿ ಕುಸಿಯುತ್ತೆ. ತುಕ್ಕು ಮತ್ತು ದಣಿವು ಒಬ್ಬರಿಗೊಬ್ಬರು ಕೈ ಕೊಡುವುದು ಹೀಗೆ.

ಇನ್ನು ಸಲಗಳು. ಡ್ಯಾಂ ಬುಡದ ಪವರ್‌ಹೌಸು ಮತ್ತು ಹಂಪಿ ಪವರ್‌ಹೌಸು ಸೇರಿ ತಲಾ 9 ಮೆಗಾವ್ಯಾಟಿನ ಎಂಟು ಯಂತ್ರಗಳಿವೆ. ಅಂಥ ಒಂದು ಯಂತ್ರವನ್ನು ದಿನಕ್ಕೆ ಎರಡು ಸಲ ನಿಲ್ಲಿಸಿ ಹೊರಡಿಸಿದರು ಅಂದುಕೊಳ್ಳಿ. ನೀರನ್ನು ತಟ್ಟನೆ ತಡೆದಾಗ ಪೈಪಿನೊಳಗೆ ಒತ್ತಡ ಏರುತ್ತೆ, ಆಮೇಲೆ ಇಳಿಯುತ್ತೆ. 50 ವರ್ಷಕ್ಕೆ 36,500 ಸಲ ಮಾತ್ರ. 20 ಲಕ್ಷಕ್ಕೆ ಹೋಲಿಸಿದರೆ ಏನೂ ಅಲ್ಲ.

2021ರ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಆಸ್ಪತ್ರೆಗಳ ಅಂಗಳದಲ್ಲಿ ಆಕ್ಸಿಜನ್ ಪ್ಲಾಂಟುಗಳು ಎದ್ದವಲ್ಲ, ಗಾಳಿಯಿಂದಲೇ ಆಕ್ಸಿಜನ್ ಸೋಸುವವು? ಅದರಲ್ಲಿ ಜೋಡಿ ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಒತ್ತಡ ತುಂಬಿದಾಗ ಇನ್ನೊಂದು ಖಾಲಿ, ಆಮೇಲೆ ಅದಲುಬದಲು. ಎರಡು ನಿಮಿಷಕ್ಕೆ ಒಂದು ಸುತ್ತು ಅಂತಿಟ್ಟುಕೊಂಡರೆ ಬಿಡುವಿಲ್ಲದೆ ಓಡಿದ ಒಂದು ವರ್ಷಕ್ಕೆ 2,62,800 ಸಲ. ಎಂಟು ವರ್ಷದೊಳಗೆ 20 ಲಕ್ಷ! ಪೆನ್‌ಸ್ಟಾಕಿಗೆ 50 ವರ್ಷ ಅನ್ನೋದು ಯೌವನ, ಈ ಟ್ಯಾಂಕಿಗೆ ಎಂಟು ವರ್ಷ ಅನ್ನೋದೇ ಒಂದು ಜೀವಮಾನ.

ಸಂಡೂರಿನ ಕಡೆ ಅದಿರು ಸೋಸುವ ಜರಡಿ ಯಂತ್ರಗಳನ್ನು ನೋಡಿ. ನಿಮಿಷಕ್ಕೆ 900 ಸಲ ಅಲುಗುವ ಜರಡಿ 20 ಲಕ್ಷ ದಾಟಲು 37 ಗಂಟೆ ಸಾಕು. ಅಂಥ ಯಂತ್ರದ ಬೆಸುಗೆಯನ್ನು, ಎಷ್ಟು ಸಲ ಅಲುಗಿದರೂ ಬಿರುಕು ಬೆಳೆಯದಷ್ಟು ಕಡಿಮೆ ಸ್ಟ್ರೆಸ್ಸಿನಲ್ಲಿ ಇಡಲೇಬೇಕು, ಬೇರೆ ದಾರಿ ಇಲ್ಲ.

ಕೊನೆಗೆ ಕ್ರಸ್ಟ್ ಗೇಟು. 60 ಅಡಿ ಅಗಲ, 20 ಅಡಿ ಎತ್ತರ. ಡ್ಯಾಂ 1633 ಅಡಿಗೆ ತುಂಬಿ ನಿಂತಾಗ ಒಂದು ಗೇಟಿನ ಮೇಲೆ ಬೀಳುವ ನೀರಿನ ಒತ್ತು, ನಾನು ಹಾಕಿದ ಲೆಕ್ಕದಲ್ಲಿ, ಸುಮಾರು 340 ಟನ್. ಗೇಟನ್ನು ವರ್ಷಕ್ಕೆ 100 ಸಲ ಎತ್ತಿ ಇಳಿಸಿದರೂ 70 ವರ್ಷಕ್ಕೆ 7,000 ಸಲ. ಇಷ್ಟೇ ಆದರೆ ಹೆದರಬೇಕಿಲ್ಲ. ಆದರೆ ಅರ್ಧ ತೆರೆದ ಗೇಟು ಹರಿಯುವ ನೀರಲ್ಲಿ ನಡುಗಿದರೆ? ಸೆಕೆಂಡಿಗೆ ಎರಡೇ ಸಲ ನಡುಗಿದರೂ ಒಂದು ದಿನಕ್ಕೆ 1,72,800 ಸಲ. ಹನ್ನೆರಡು ದಿನಕ್ಕೆ 20 ಲಕ್ಷ ದಾಟಿತು. ನಡುಕದ ಏರಿಳಿತ ಚಿಕ್ಕದಿದ್ದರೆ ಪರವಾಗಿಲ್ಲ, ದೊಡ್ಡದಾದರೆ ಎಪ್ಪತ್ತು ವರ್ಷದ ಎತ್ತು-ಇಳಿಸಿಗಿಂತ ಒಂದು ಮಳೆಗಾಲದ ನಡುಕವೇ ಹೆಚ್ಚು ಆಯುಷ್ಯ ತಿನ್ನುತ್ತೆ. ಅದಕ್ಕೇ ನಾನು ಹೇಳಿದ್ದು, "ಎಷ್ಟು ವರ್ಷ ಹಳೆಯದು?" ಅನ್ನೋದು ಅರ್ಧ ಪ್ರಶ್ನೆ. ಎಷ್ಟು ಸಲ ಎತ್ತಿದಿರಿ, ಎಷ್ಟು ತೆರೆದು ನಿಲ್ಲಿಸಿದಿರಿ, ನಡುಗಿತಾ, ಎಷ್ಟು ದಿನ? ಇದು ಪೂರ್ತಿ ಪ್ರಶ್ನೆ.

ಎಣಿಸುವವರು ಯಾರು?

ಹೊಸಪೇಟೆಗೆ ಈ ಲೆಕ್ಕ ಹೊಸದಲ್ಲ. ಡ್ಯಾಮಿನ ಗೇಟುಗಳನ್ನು ಮಾಡಲು ಹುಟ್ಟಿದ ವರ್ಕ್‌ಶಾಪೇ ಬೆಳೆದು 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿ ಆಯಿತು. ಆಮೇಲೆ ಕೇಂದ್ರ ಸರ್ಕಾರದ ಉದ್ದಿಮೆ. ಅಣೆಕಟ್ಟಿನ ಗೇಟು, ಪೆನ್‌ಸ್ಟಾಕ್ ಪೈಪು, ಕ್ರೇನು, ಇವೇ ಅದರ ಕಸುಬು. ದೇಶದ ಎಷ್ಟೋ ಅಣೆಕಟ್ಟುಗಳಿಗೆ ಗೇಟು ಹೋಗಿದ್ದು ಹೊಸಪೇಟೆಯಿಂದ. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅದಾಗಿ ಒಂಬತ್ತು ವರ್ಷ ತುಂಬುವ ಮೊದಲೇ 19ನೇ ಗೇಟು ಹೋಯಿತು. ಅದು ಮುಚ್ಚಿದ್ದರಿಂದಲೇ ಇದಾಯಿತು ಅನ್ನುವಷ್ಟು ಸರಳ ಅಲ್ಲ. ನಷ್ಟದ ಕಂಪನಿಯನ್ನು ಎಷ್ಟು ದಿನ ಓಡಿಸಬೇಕು ಅನ್ನೋದೂ ನ್ಯಾಯವಾದ ಪ್ರಶ್ನೆಯೇ. ಆದರೆ ಕಂಪನಿ ಮುಚ್ಚಿದಾಗ ಜಮೀನು, ಯಂತ್ರ, ಸಾಲ ಎಲ್ಲದರ ಲೆಕ್ಕ ಆಗುತ್ತೆ. ಯಾವ ಗೇಟಿನ ಯಾವ ಬೆಸುಗೆ ಎಲ್ಲಿ ಬಿರುಕು ಬಿಡುತ್ತೆ ಅಂತ ಕೈಗೆ ಗೊತ್ತಿದ್ದ ಫಿಟ್ಟರ್, ವೆಲ್ಡರ್, ಇನ್‌ಸ್ಪೆಕ್ಟರುಗಳ ತಿಳಿವಳಿಕೆ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಆ ತಿಳಿವಳಿಕೆ ದೊಡ್ಡ ಯಂತ್ರಗಳದ್ದೇ ಆಗಬೇಕಿಲ್ಲ. ಬಿರುಕು ಹುಡುಕುವ ಹಳೆಯ ವಿಧಾನ ಒಂದಿದೆ. ಅನುಮಾನದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ತೆಳ್ಳಗೆ ಸುಣ್ಣ ಬಳಿಯುವುದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಬಿಳಿ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತೆ. ಇವತ್ತು ಕೆಂಪು ಬಣ್ಣದ ಸ್ಪ್ರೇ ಬಂದಿದೆ, ಅಲ್ಟ್ರಾಸೌಂಡ್ ಬಂದಿದೆ. ಆದರೆ ಎಲ್ಲಿ ಹಚ್ಚಬೇಕು ಅಂತ ಗೊತ್ತಿರಬೇಕಲ್ಲ? ಅದನ್ನು ಹೇಳುವುದೇ ಈ ಕರ್ವ್. ಕೆಳಗಿನ ವರ್ಗದ ಬೆಸುಗೆ ಎಲ್ಲಿದೆಯೋ, ಅದರ ಮೇಲೆ ಹೆಚ್ಚು ಸಲ ಏರಿಳಿತ ಎಲ್ಲಿ ಬೀಳುತ್ತೋ, ಅಲ್ಲಿ ಮೊದಲು ನೋಡು.

ಗೇಟು ಹೋದ ಮೇಲೆ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಿ ಎಂದು ಹೇಳಿತು. 2025ರ ಮುಂಗಾರಿನಲ್ಲಿ ಡ್ಯಾಮಿನಲ್ಲಿ ಸುಮಾರು 80 ಟಿಎಂಸಿಯಷ್ಟೇ ನೀರು ನಿಲ್ಲಿಸಿದರು, ಹಿಂದೆ 105 ಟಿಎಂಸಿ ನಿಲ್ಲುತ್ತಿತ್ತು. ಗೇಟು ಬದಲಿಸುವ ಕೆಲಸಕ್ಕೆ ಜಾಗ ಮಾಡಲು ಎರಡನೇ ಬೆಳೆಗೆ ನೀರು ಇಲ್ಲ ಅಂತ ತೀರ್ಮಾನವಾಯಿತು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಯವನಿಗೆ ಎಸ್-ಎನ್ ಕರ್ವ್ ಅಂದರೇನು ಅಂತ ಗೊತ್ತಿಲ್ಲದಿರಬಹುದು. ಒಂದು ಕೊಂಡಿಯ ಲೆಕ್ಕ ತಪ್ಪಿದ್ದರ ಬೆಲೆ ಮಾತ್ರ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದು ಬೆಳೆ ಅದರ ಬೆಲೆ.

ಹೊಸ ಗೇಟಿನ ಬೆಸುಗೆಗಳು ಮೊದಲ ದಿನ ಸೊನ್ನೆಯಲ್ಲಿರುತ್ತವೆ. ಆ ಸೊನ್ನೆಯಿಂದಲೇ ಪ್ರತಿ ಗೇಟಿಗೂ ಒಂದು ಪುಸ್ತಕ ಇಡಬೇಕು ಅನ್ನೋದು ನನ್ನ ಆಸೆ. ಎಷ್ಟನೇ ಸಲ ಎತ್ತಿದೆವು, ಎಷ್ಟು ಅಡಿ ತೆರೆದೆವು, ನಡುಗಿತಾ ಇಲ್ಲವಾ, ಯಾವ ಬೆಸುಗೆಗೆ ಯಾವಾಗ ಬಣ್ಣ ಹಚ್ಚಿ ನೋಡಿದೆವು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾರಿಗೂ ಬೇಡದ ಒಂದು ವೆಬ್‌ಸೈಟಿಗೂ ದಿನಕ್ಕೆ ಲಕ್ಷ ಸಾಲಿನ ಲಾಗ್ ಬರೆದಿಡುತ್ತೇವೆ. 340 ಟನ್ ತಡೆದು ನಿಂತ ಒಂದು ಗೇಟಿಗೆ ವರ್ಷಕ್ಕೆ ನೂರು ಸಾಲು ಬರೆಯಲು ಒಂದು ಸೆನ್ಸರ್ ಸಾಕು. ಅದೂ ಇಲ್ಲದಿದ್ದರೆ ಒಂದು ರೂಲ್ ಹಾಕಿದ ಪುಸ್ತಕ, ಒಂದು ಪೆನ್ನು.

ಆಲ್ಬರ್ಟ್ ಹತ್ತಿರ ಕಂಪ್ಯೂಟರ್ ಇರಲಿಲ್ಲ, ಅಲ್ಟ್ರಾಸೌಂಡ್ ಇರಲಿಲ್ಲ, ಬಿರುಕು ಯಾಕೆ ಬೆಳೆಯುತ್ತೆ ಅಂತಲೂ ಗೊತ್ತಿರಲಿಲ್ಲ. ಆದರೂ ಅವನು ಎಣಿಸಿದ. ಉಳಿದವರೆಲ್ಲ ಬಂದಿದ್ದು ಆ ಎಣಿಕೆಯ ಹಿಂದೆ.

ನಿಮ್ಮೂರಿನಲ್ಲೂ ಹಳೆಯ ಅಣೆಕಟ್ಟೋ, ಸಕ್ಕರೆ ಕಾರ್ಖಾನೆಯ ಬಾಯ್ಲರೋ, ಕಬ್ಬಿಣದ ಸೇತುವೆಯೋ ಇದ್ದೇ ಇರುತ್ತೆ. ಅಲ್ಲಿ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಅವರು ಬಿರುಕನ್ನು ಹೇಗೆ ಹುಡುಕುತ್ತಿದ್ದರು, ಏನನ್ನು ಎಣಿಸುತ್ತಿದ್ದರು ಅಂತ ಕೇಳಿ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ. ಬರೆದಾಗ ಇಲ್ಲಿ ಒಂದು ಕಮೆಂಟ್ ಹಾಕಿ, ಬಂದು ಓದ್ತೀನಿ.